ಆಚೆ ವಾರ್ಡಿನ ಬೆಂಚು

ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ನೋಡಿದವರು ಸುಮ್ಮನೆ ಹೋಗುವುದಿಲ್ಲ. ಇಷ್ಟು ಉದ್ದದ, ಇಷ್ಟು ನುಣುಪಾದ ಕಲ್ಲನ್ನು ಬಟ್ಟೆ ಒಗೆಯುವುದಕ್ಕೆ ಯಾರಾದರೂ ಹಾಕಿಸುತ್ತಾರೆಯೇ ಎಂದು ಕೇಳುತ್ತಾರೆ. ನಳ ರಿಪೇರಿಗೆ ಬಂದವನು ಕೇಳಿದ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೂ ಕೇಳಿದ. ಅವರಿಗೆಲ್ಲ ನಾನು "ಹಳೇದು ಬಿದ್ದಿತ್ತು, ಹಾಕಿಸಿದ್ವಿ" ಎಂದು ಮಾತು ತೇಲಿಸಿದ್ದೆ. ಆದರೆ ಮೊನ್ನೆ ಮುಂಡರಗಿಯಿಂದ ನಮ್ಮ ನಾದಿನಿ ಬಂದಳು. ಚಹಾದ ಕಪ್ಪು ಹಿಡಿದು ಹಿತ್ತಲಿಗೆ ಬಂದವಳು ಕಲ್ಲಿನ ಅಂಚನ್ನು ಅಂಗೈಯಿಂದ ಸವರಿ ನೋಡಿದಳು.

"ವೈನಿ, ಇದು ನಮ್ಮಪ್ಪನ ಕಟ್ಟಿ ಕಲ್ಲ ಅಲ್ಲೇನು?"

"ಹೂಂ."

"ಇದರ ಮ್ಯಾಲೆ ಅರಬಿ ಒಗೀತೀರಿ?"

"ಹೂಂ."

ಅವಳು ಕಪ್ಪನ್ನು ಕೆಳಗಿಟ್ಟು, ಸೆರಗಿನಿಂದ ಕಲ್ಲಿನ ಅಂಚನ್ನು ಒರೆಸಿದಳು. ಬೈದಿದ್ದರೆ ಒಳ್ಳೆಯದಿತ್ತು. ಅವಳ ತಂದೆ, ಅಂದರೆ ನಮ್ಮ ಮಾವನವರು, ಡೋಣಿ ಊರಿನ ಕಡೆಯಿಂದ ಚಕ್ಕಡಿಯಲ್ಲಿ ಹೇರಿಸಿಕೊಂಡು ಬಂದು ಮನೆಯ ಮುಂದೆ ಹಾಸಿಸಿದ ಕಲ್ಲು ಅದು. ಅದಕ್ಕೆ ಹೊಳಪು ಕೊಟ್ಟದ್ದು ಕಲ್ಲುಕುಟಿಗನ ಉಳಿಯಲ್ಲ, ಎರಡು ತಲೆಮಾರು ಅದರ ಮೇಲೆ ಕುಳಿತವರ ಸೀರೆ, ಧೋತರ, ಲುಂಗಿಗಳು. ಮುಂಬಾಗಿಲಿನ ಕಟ್ಟೆಯ ಕಲ್ಲು ಹಿತ್ತಲಿಗೆ ಹೇಗೆ ಬಂತೆಂದು ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚಿನ ಕಥೆ ಹೇಳಬೇಕು. ನಾದಿನಿಗೆ ಹೇಳುವ ಧೈರ್ಯವಾಗಲಿಲ್ಲ. ನಿಮಗೆ ಹೇಳುತ್ತೇನೆ. ನೀವೂ ಮುಂಡರಗಿಯವರಾಗಿದ್ದರೆ ದಯವಿಟ್ಟು ಅವಳ ಕಿವಿಗೆ ಹಾಕಬೇಡಿ.

ಹೊಟ್ಟೆಕಿಚ್ಚು ನನಗೆ ತವರಿನಿಂದ ಬಂದ ಬಳುವಳಿ. ನನ್ನ ತವರು ಲಕ್ಷ್ಮೇಶ್ವರ. ನಾನು ಚಿಕ್ಕವಳಿದ್ದಾಗ ನಮ್ಮ ಊರು ದೊಡ್ಡದು, ಪೇಟೆ ದೊಡ್ಡದು, ಗುಡಿ ದೊಡ್ಡದು, ದರ್ಗಾ ದೊಡ್ಡದು. ಆದರೆ ತಾಲ್ಲೂಕು ಮಾತ್ರ ಶಿರಹಟ್ಟಿ. ಹೊಲದ ಉತಾರ, ಅಂದರೆ ಪಹಣಿ, ಬೇಕೆಂದರೂ ಅಪ್ಪ ಬಸ್ಸು ಹತ್ತಿ ಶಿರಹಟ್ಟಿಗೆ ಹೋಗಬೇಕು. ಸಂಜೆ ಬಂದು ಪಡಸಾಲೆಯಲ್ಲಿ ಕಾಲು ಚಾಚಿ "ಸಾಹೇಬ್ರು ಇರಲಿಲ್ಲಂತ" ಎನ್ನುತ್ತಿದ್ದ. ಅವ್ವ ಅಡುಗೆಮನೆಯಿಂದಲೇ ಇಡೀ ಶಿರಹಟ್ಟಿಗೆ ಶಾಪ ಹಾಕುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಆಗ ಇನ್ನಷ್ಟು ಜೋರಾಗುತ್ತಿತ್ತು. ಶಿರಹಟ್ಟಿ ಎಂದರೆ ಊರಲ್ಲ, ನಮ್ಮ ಪಾಲು ಕಸಿದುಕೊಂಡ ದಾಯಾದಿ ಎಂದೇ ನಾನು ತಿಳಿದಿದ್ದೆ. ಅಲ್ಲಿಂದ ಬಂದು ನಮ್ಮ ಶಾಲೆಗೆ ಸೇರಿದ ಹುಡುಗಿಯೊಬ್ಬಳ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದೆ. ಪಾಪ, ಅವಳ ಅಪ್ಪ ಬಸ್ ಕಂಡಕ್ಟರ್. ತಾಲ್ಲೂಕು ಕಚೇರಿ ಎಲ್ಲಿರಬೇಕೆಂದು ಆತನನ್ನು ಯಾರೂ ಕೇಳಿರಲಿಕ್ಕಿಲ್ಲ.

ಈಚೆಗೆ ಲಕ್ಷ್ಮೇಶ್ವರವೂ ತಾಲ್ಲೂಕಾಯಿತು. ತಮ್ಮ ಫೋನು ಮಾಡಿ, "ಅಕ್ಕಾ, ಇನ್ನ ಶಿರಹಟ್ಟಿಯವ್ರು ಉರ್ಕೋತಾರ ನೋಡು" ಎಂದ. ನಾನೂ ಆಸೆಯಿಂದ ಕಾದೆ. ಅವರು ಉರಿದುಕೊಳ್ಳಲೇ ಇಲ್ಲ. ಕಚೇರಿಯ ಗದ್ದಲ ಕಡಿಮೆಯಾಯಿತೆಂದು ಆರಾಮಾಗಿದ್ದಾರಂತೆ. ಅಷ್ಟು ವರ್ಷ ನಾವು ಪಟ್ಟ ಹೊಟ್ಟೆಕಿಚ್ಚಿಗೆ ಬದಲಾಗಿ ಅವರ ಕಡೆಯಿಂದ ಒಂದು ಬೊಗಸೆಯಷ್ಟಾದರೂ ಬರಬೇಡವೇ? ಹೊಟ್ಟೆಕಿಚ್ಚು ಪಡುವುದಕ್ಕಿಂತ ದೊಡ್ಡ ಸಂಕಟ ಒಂದಿದೆ: ನಮ್ಮ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲದಿರುವುದು.

ಮದುವೆಯಾಗಿ ಬೆಟಗೇರಿಗೆ ಬಂದೆ. ಇಲ್ಲಿಯೂ ಅದೇ ಹಣೆಬರಹ. ಗದಗ-ಬೆಟಗೇರಿ ಎಂದು ಹೇಳುವಾಗಲೇ ಗದಗ ಮುಂದೆ, ನಾವು ಹಿಂದೆ. ರೈಲಿನ ಜಂಕ್ಷನ್ನು ಗದಗಿನ ಹೆಸರಿನಲ್ಲಿದೆ. ಸೀರೆ ನೇಯುವವರು ನಾವು, ಮಾರುವ ಅಂಗಡಿಯ ಬೋರ್ಡಿನ ಮೇಲೆ ಗದಗ. ನೀರಿನ ವಿಷಯ ಎತ್ತಲೇಬಾರದು. ಬೇರೆ ಊರಿನಲ್ಲಿ ಜನ ಎದುರಾದರೆ ಊಟ ಆಯಿತೇ ಎಂದು ಕೇಳುತ್ತಾರೆ, ನಮ್ಮಲ್ಲಿ "ನೀರು ಬಂದಾವೇನ್ರಿ?" ಎಂದು ಕೇಳುತ್ತಾರೆ. ಬಂದಿವೆ ಎಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಬಂದಿಲ್ಲ ಎಂದರೆ ಅರಳುತ್ತದೆ. ಇಂಥ ಊರಿನಲ್ಲಿ ನನ್ನಂಥವಳು ಬಾಳಿದ್ದೇ ದೊಡ್ಡದು.

ನನ್ನನ್ನು ಬಾಳಿಸಿದ್ದು ಆ ಕಟ್ಟೆ. ನಮ್ಮ ಓಣಿಯಲ್ಲಿ ಹಾಗೆ ಕಾಲು ಇಳಿಬಿಟ್ಟು ಕೂರುವ ಕಟ್ಟೆ ಇದ್ದದ್ದು ನಮ್ಮದೊಂದೇ ಮನೆಗೆ. ಮೇಲೆ ತಗಡಿನ ಚಪ್ಪರ, ಕೆಳಗೆ ಮಾವನವರ ಕಲ್ಲು. ನಾನು ಶಾಲೆಯಲ್ಲಿ ಕಲಿಸುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ, ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. ಸಂಜೆಯಾಯಿತೆಂದರೆ ಎದುರು ಮನೆಯ ಬೀಬಿಜಾನ ಸೀರೆಗೆ ಫಾಲ್ ಹಚ್ಚುವ ಕೆಲಸ ಹಿಡಿದುಕೊಂಡು ರಸ್ತೆ ದಾಟಿ ಬರುತ್ತಿದ್ದಳು. ಅವಳ ಗಂಡನದು ಮೋಟಾರು, ಫ್ಯಾನುಗಳ ವೈಂಡಿಂಗ್ ಅಂಗಡಿ. ನೇಕಾರರ ಮನೆಯ ನೀಲವ್ವ ಜೋಳ ಹಸನು ಮಾಡಲು ಮೊರ ತೆಗೆದುಕೊಂಡು ಬರುತ್ತಿದ್ದಳು. ಮಾತಿಗೆ ಮೊದಲಿಲ್ಲ, ಕೊನೆಯಿಲ್ಲ. ಚುನಾವಣೆ ಬಂತೆಂದರಂತೂ ಕೇಳಬೇಡಿ. ಯಾವ ಪಕ್ಷದವರಾದರೂ ಓಣಿಗೆ ಕಾಲಿಟ್ಟರೆ ಮೊದಲು ನಮ್ಮ ಕಟ್ಟೆಗೆ ಬಂದು ಕೂರಬೇಕು. "ಅಕ್ಕೋರ, ನಿಮ್ಮ ಕಟ್ಟಿ ಗೆದ್ರ ವಾರ್ಡ್ ಗೆದ್ದಂಗ" ಎಂದು ಕೈಮುಗಿಯಬೇಕು. ಓಟಿನ ದಿನ ನಾನು ಮುಂದೆ, ಬೀಬಿಜಾನ ಹಿಂದೆ, ನೀಲವ್ವ ಅವಳ ಹಿಂದೆ, ಹೀಗೆ ಸಾಲಾಗಿ ಕನ್ನಡ ಶಾಲೆಗೆ ಹೋಗಿ ಬರುತ್ತಿದ್ದೆವು. ಯಾರಿಗೆ ಹಾಕಿದೆವೆಂದು ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ. ಆದರೆ ಬೆರಳಿನ ಶಾಯಿ ಯಾರದು ಹೆಚ್ಚು ಕಪ್ಪಾಗಿದೆ ಎಂದು ಕಟ್ಟೆಯ ಮೇಲೆ ಕುಳಿತು ಹೋಲಿಸಿ ನೋಡುತ್ತಿದ್ದೆವು. ಅದರಲ್ಲೂ ನನಗೆ ಗೆಲ್ಲಬೇಕು.

ಆಮೇಲೆ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದರು. ಎಲ್ಲಿಯೋ ಕುಳಿತು ನಕ್ಷೆಯ ಮೇಲೆ ಗೆರೆ ಎಳೆದವರು ನಮ್ಮ ಓಣಿಯ ನಟ್ಟನಡುವೆ ಎಳೆದರು. ನಮ್ಮ ಸಾಲಿನ ಮನೆಗಳು ಒಂದು ವಾರ್ಡಿಗೆ, ಎದುರು ಸಾಲಿನವು ಇನ್ನೊಂದು ವಾರ್ಡಿಗೆ. ಬೀಬಿಜಾನ, ನೀಲವ್ವ ಇಬ್ಬರೂ ಎದುರು ಸಾಲಿನವರು. ಮುಂದಿನ ಓಟಿಗೆ ಅವರು ಉರ್ದು ಶಾಲೆಗೆ ಹೋದರು, ನಾನೊಬ್ಬಳೇ ಕನ್ನಡ ಶಾಲೆಗೆ. ಅವರ ಮತಗಟ್ಟೆಯಲ್ಲಿ ಶಾಮಿಯಾನ ಹಾಕಿದ್ದರಂತೆ, ತಣ್ಣೀರು ಇಟ್ಟಿದ್ದರಂತೆ. ನಾನು ಬಿಸಿಲಿನಲ್ಲಿ ನಿಂತು ಬಂದೆ. ಕಟ್ಟೆ ನನ್ನದೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಚೆ ವಾರ್ಡಿನವರಿಗೆ ಚುರುಕಾದ ಹೆಣ್ಣುಮಗಳೊಬ್ಬಳು ಮೆಂಬರಾಗಿ ಗೆದ್ದಳು. ಗೆದ್ದು ಸ್ವಲ್ಪ ದಿನವಾಗಿರಬೇಕು, ಒಂದು ಮಧ್ಯಾಹ್ನ ಟಂಟಂ ಗಾಡಿಯೊಂದು ಬಂದು ಬೀಬಿಜಾನಳ ಮನೆಯ ಮುಂದೆ, ಬೇವಿನ ಮರದ ಕೆಳಗೆ, ಸಿಮೆಂಟಿನ ಬೆಂಚು ಇಳಿಸಿತು. ಬೆನ್ನಿಗೆ ಆಸರೆ ಇದ್ದ ಬೆಂಚು. ಆಸರೆಯ ಮೇಲೆ ವಾರ್ಡಿನ ನಂಬರು, ಮೆಂಬರ ಹೆಸರು. ಅಂದು ಸಂಜೆ ನಾನು ಕಟ್ಟೆ ಗುಡಿಸಿ, ನೀರು ಚಿಮುಕಿಸಿ ಕುಳಿತೆ. ಬೀಬಿಜಾನ ಸೀರೆಯ ಗಂಟು ಹಿಡಿದುಕೊಂಡು ಹೊರಗೆ ಬಂದಳು. ಬಂದವಳು ಬೆಂಚಿನ ಮೇಲೆ ಕುಳಿತಳು. ನೀಲವ್ವನೂ ಮೊರ ತೆಗೆದುಕೊಂಡು ಅಲ್ಲಿಗೇ ಬಂದಳು.

"ಬರ್ರಿ ಅಕ್ಕೋರ, ನಮ್ಮ ವಾರ್ಡಿಗೆ ಬರ್ರಿ. ಬೆನ್ನಿಗೆ ಆಸರ ಐತಿ" ಎಂದು ಬೀಬಿಜಾನ ಕೂಗಿದಳು.

ತಮಾಷೆಗೆ ಅಂದದ್ದು. ನೀಲವ್ವ ನಕ್ಕಳು. ನನಗೆ ನಗು ಬರಲಿಲ್ಲ. "ಒಲಿ ಮ್ಯಾಲೆ ಸಾರು ಇಟ್ಟೀನಿ" ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಅಲ್ಲಿಂದ ಶುರುವಾಯಿತು ನನ್ನ ಉರಿ. ಕಿಟಕಿ ಮುಚ್ಚಿದರೆ ಅವರ ಮಾತು ಕೇಳುವುದಿಲ್ಲ, ತೆರೆದರೆ ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಅವರಿಗೆ ತಿಳಿಯುತ್ತದೆ. ಅದಕ್ಕೆ ಅರ್ಧ ತೆರೆದಿಟ್ಟೆ. ಅಲ್ಲಿ ನಗು ಎದ್ದಾಗಲೆಲ್ಲ ನನ್ನ ವಿಷಯಕ್ಕೇ ನಗುತ್ತಿದ್ದಾರೆ ಎನಿಸುತ್ತಿತ್ತು. ಖಬರು ತಿಳಿದು ಬರಲಿ ಎಂದು ಒಂದು ಸಂಜೆ ನಮ್ಮ ಮನೆಯವರನ್ನು ಏನೋ ನೆಪ ಹೇಳಿ ಕಳಿಸಿದೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಿಂತು ನಿಂತು ಸೊಂಟ ಕಳೆದುಕೊಂಡ ಮನುಷ್ಯ. ಹೋದವರು ಬೆಂಚಿನ ತುದಿಗೆ ಕುಳಿತು ಬೆನ್ನು ಆನಿಸಿದರು, ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಮನೆಗೆ ಬಂದು "ಭಾಳ ಚೊಲೊ ಮಾಡ್ಯಾರ ನೋಡು ಬೆಂಚು" ಎಂದರು. ಅಂದು ಅವರಿಗೆ ಸಾರಿನಲ್ಲಿ ಉಪ್ಪು ಸ್ವಲ್ಪ ಹೆಚ್ಚೇ ಬಿತ್ತು.

ಕೊನೆಗೆ ನಮ್ಮ ವಾರ್ಡಿನ ಮೆಂಬರ ಮನೆಗೆ ನಾನೇ ಹೊರಟೆ. ಅವನು ಬಸು, ನನ್ನ ಕೈಯಲ್ಲಿ ಕಲಿತವನು, ಈಗ ವಾರ್ಡಿನ ಆಚೆ ತುದಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದಾನೆ. ಆಟೋದಲ್ಲಿ ಕುಳಿತು ನನ್ನ ವಾರ್ಡನ್ನು ನಾನು ಮೊದಲ ಸಲ ಇಡಿಯಾಗಿ ನೋಡಿದೆ. ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ. ಅವರಿಗೆ ಹೊಸ ಗಟಾರ ಆಗಿತ್ತು. ಗಾದಿ ಹೊಲಿಯುವವರ ಓಣಿಯಲ್ಲಿ ಅರಳೆ ಹಾರುತ್ತಿತ್ತು. ಅವರಿಗೆ ಎತ್ತರದ ಲೈಟು ಕಂಬ ಬಂದಿತ್ತು. ಮಸೀದಿಯ ಮುಂದಿನ ಗ್ಯಾರೇಜುಗಳ ಸಾಲಿಗೆ ಕಾಂಕ್ರೀಟು ರಸ್ತೆ. ಹಮಾಲರ ಮನೆಗಳ ಹತ್ತಿರ ನೀರಿನ ಟಾಕಿ. ಹೊಸ ಬಡಾವಣೆಯಲ್ಲಿ ಗೇಟಿಗೊಂದು ನಾಯಿ, ನಾಯಿಗೊಂದು ಬೋರ್ಡು, ನಡುವೆ ಒಂದು ಉದ್ಯಾನ. ಬೇರೆಯವರಾಗಿದ್ದರೆ ಎಂಥ ಬಗೆಬಗೆಯ ಜನ ಕೂಡಿ ಬಾಳುವ ವಾರ್ಡು ಎನ್ನುತ್ತಿದ್ದರು. ನನಗೆ ಕಂಡದ್ದು ಒಂದೇ: ಎಲ್ಲರಿಗೂ ಏನೋ ಒಂದು ಆಗಿದೆ, ನಮಗೆ ಬೆಂಚು ಆಗಿಲ್ಲ.

ಬಸುವಿನ ಮನೆಯ ವರಾಂಡದಲ್ಲಿ ಈ ಎಲ್ಲ ಓಣಿಗಳೂ ಮೊದಲೇ ಬಂದು ಕುಳಿತಿದ್ದವು. ಬಡಾವಣೆಯ ಹೆಂಗಸೊಬ್ಬಳು, ಹಳೆಯ ಓಣಿಗಳಿಗೇ ಮೊದಲು ನೀರು ಬಿಡುತ್ತಾರೆಂದು ದೂರುತ್ತಿದ್ದಳು. ಹಮಾಲನೊಬ್ಬ ಬಡಾವಣೆಗೆ ಉದ್ಯಾನ ಕೊಟ್ಟು ತಮಗೆ ಬರೀ ಟಾಕಿ ಕೊಟ್ಟರೆಂದು ಮುನಿಸಿಕೊಂಡಿದ್ದ. ಗಾದಿಯವರಿಗೆ ನೇಕಾರರ ಗಟಾರದ ಮೇಲೆ ಕಣ್ಣು. ನನ್ನನ್ನು ನೋಡಿದ್ದೇ ಆ ಹಮಾಲ, "ನಿಮಗೇನ್ ಕಡಿಮಿ ಐತ್ರಿ ಅಕ್ಕೋರ? ನಿಮ್ಮದೊಂದ ಓಣಿಗೆ ಇಬ್ಬಿಬ್ಬರು ಮೆಂಬರ್ರು" ಎಂದ. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಒಂದು ಕ್ಷಣ ಹಿತವಾಯಿತು.

ಬಸು ಚಹಾ ತರಿಸಿದ. ಬೆಂಚು ಬೇಕು, ಆಚೆಯದಕ್ಕಿಂತ ದೊಡ್ಡದು ಬೇಕು ಎಂದೆ.

"ಹಾಕಸೂಣ್ರಿ ಅಕ್ಕೋರ. ಆದ್ರ ನಿಮ್ಮ ಬಾಜೂಕ ಜಾಗ ಇಲ್ಲಲ್ರಿ."

"ಜಾಗ ಯಾಕಿಲ್ಲ? ಆ ಕಡಿಯವ್ರು ರಸ್ತೆ ನುಂಗ್ಯಾರ. ಟೇಪ್ ಹಿಡದು ಅಳಸು."

ಬಸು ತಲೆ ಕೆರೆದುಕೊಂಡ. "ಅಳಸೂದು ಬ್ಯಾಡ್ರಿ ಅಕ್ಕೋರ. ಇದ್ದಂಗ ಇರ್ಲಿ."

"ಯಾಕ ಬ್ಯಾಡ? ಎರಡೂ ಕಡೆ ಅಳಸು."

ಮಗ್ಗಿ ಬಾರದೆ ಬೋರ್ಡಿನ ಮುಂದೆ ನಿಂತವನಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ. ಅವನೂ ಆಗಿನ ಹಾಗೆಯೇ ತಲೆ ತಗ್ಗಿಸಿ "ಆತ್ರಿ" ಎಂದ. ಪಾಪದ ಹುಡುಗ ನನ್ನನ್ನು ಉಳಿಸಲು ನೋಡಿದ್ದನೆಂದು ಆಗ ತಿಳಿಯಲಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಅದೇ ಆಯಿತು. ಮುನಸಿಪಾಲ್ಟಿಯವರು ಬಂದು ಟೇಪು ಹಿಡಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಎಲ್ಲಿ ಹಿಡಿಯಬೇಕೆಂದು ತೋರಿಸಿದೆ. ಎದುರು ಸಾಲಿನ ಮನೆಗಳು ರಸ್ತೆ ಬಿಟ್ಟು ತಮ್ಮ ಗೆರೆಯೊಳಗೇ ಇದ್ದವು. ಬೆಂಚೂ ಗೆರೆಯೊಳಗೇ ಇತ್ತು. ನಮ್ಮ ಸಾಲಿನಲ್ಲಿ ರಸ್ತೆಯ ಮೇಲೆ ಕುಳಿತದ್ದು ಒಂದೇ ಒಂದು, ನಮ್ಮ ಕಟ್ಟೆ. ಅದರ ಮೇಲಿನ ಚಪ್ಪರವೂ ಸೇರಿ. ಮಾವನವರು ಕಟ್ಟಿಸುವಾಗ ರಸ್ತೆಯ ಬಗ್ಗೆ ಯಾರು ಯೋಚಿಸುತ್ತಿದ್ದರು? ಬಸು ಬಂದು ದೂರ ನಿಂತ. "ಯಾರೂ ಕೇಳದಿದ್ರ ನಡೀತಿತ್ರಿ ಅಕ್ಕೋರ. ನೀವ ಅಳಸು ಅಂದ್ರಿ. ಈಗ ಎಲ್ಲಾರ ಮುಂದ ಅಳದು ಆಗೇತಿ" ಎಂದ. ನಮ್ಮ ಮನೆಯವರು ಒಳಗಿನಿಂದ ಹೊರಗೆ ಬರಲೇ ಇಲ್ಲ.

ಕಟ್ಟೆ ಒಡೆಯುವ ದಿನ ಬೀಬಿಜಾನ ರಸ್ತೆ ದಾಟಿ ಬಂದಳು. ಬೆಂಚು ಬಂದ ಮೇಲೆ ಅವಳು ಈಚೆ ಬಂದದ್ದು ಅದೇ ಮೊದಲು. ಕೆಲಸದವರು ಉದ್ದನೆಯ ಕಲ್ಲಿಗೆ ಹಾರೆ ಹಾಕಿದಾಗ "ಸಾವಕಾಶ ಎತ್ತರಪಾ, ಒಡದೀತು" ಎಂದಳು. ಕಲ್ಲು ಎದ್ದು ಪಕ್ಕಕ್ಕೆ ಬಂದ ಮೇಲೆ ನನ್ನ ಹತ್ತಿರ ನಿಂತು, ಮೆಲ್ಲಗೆ ಕೇಳಿದಳು.

"ಅಕ್ಕೋರ, ಈ ಕಲ್ಲ ನನಗ ಕೊಡ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಬೆಂಚು ಸಿಕ್ಕಿತು, ಜನ ಸಿಕ್ಕರು, ನನ್ನ ಗಂಡನ ಬೆನ್ನೂ ಸಿಕ್ಕಿತು, ಈಗ ಕಲ್ಲೂ ಬೇಕೇ? ಕೆಲಸದವರ ಕಡೆ ತಿರುಗಿ, "ಹಿತ್ತಲಕ್ಕ ಒಯ್ರಿ. ನಮಗ ಅರಬಿ ಒಗಿಯಾಕ ಬೇಕು" ಎಂದೆ.

ನಮ್ಮ ಮನೆಯಲ್ಲಿ ಆಗಲೇ ವಾಷಿಂಗ್ ಮಷೀನು ಇತ್ತು. ಅದು ಬೀಬಿಜಾನಳಿಗೂ ಗೊತ್ತಿತ್ತು. ಅದರ ಮೋಟಾರು ಸುಟ್ಟಾಗ ವೈಂಡಿಂಗ್ ಮಾಡಿಕೊಟ್ಟವನು ಅವಳ ಗಂಡನೇ. ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಅಂದಿನಿಂದ ಮಷೀನಿಗೆ ಹಳೆಯ ಚಾದರ ಹೊದಿಸಿ, ಈ ವಯಸ್ಸಿನಲ್ಲಿ ಕಲ್ಲಿನ ಮೇಲೆ ಬಡಿದು ಬಡಿದು ಒಗೆಯುತ್ತಿದ್ದೇನೆ.

ಕಟ್ಟೆ ಇದ್ದ ಜಾಗಕ್ಕೇ ಬೆಂಚು ಬಂತು, ಸರ್ಕಾರದ್ದಾದ್ದರಿಂದ ಅದನ್ನು ಯಾರೂ ಅಳೆಯಲಿಲ್ಲ. ಆಚೆಯದಕ್ಕಿಂತ ದೊಡ್ಡದೇ ಬಂತು, ಮಾತಿಗೆ ತಪ್ಪುವವನಲ್ಲ ಬಸು. ಆದರೆ ನಮ್ಮ ಕಡೆ ಮರವಿಲ್ಲ, ಚಪ್ಪರ ಹೋಗಿತ್ತು. ಬೆಟಗೇರಿಯ ಬಿಸಿಲಿಗೆ ಹಗಲೆಲ್ಲ ಕಾದ ಸಿಮೆಂಟು ಸಂಜೆಗೆ ರೊಟ್ಟಿಯ ಹಂಚಾಗುತ್ತಿತ್ತು. ಕಾಗೆ ಸಹ ಕೂತು ಮರುಗಳಿಗೆ ಹಾರಿಹೋಗುತ್ತಿತ್ತು. ಹಟಕ್ಕೆ ನಾನೊಬ್ಬಳು ಕೌದಿಯನ್ನು ನಾಲ್ಕು ಮಡಿಕೆ ಮಡಚಿ ಹಾಕಿಕೊಂಡು ಕುಳಿತಿರುತ್ತಿದ್ದೆ. ಎದುರಿಗೆ ಅವರು ನೆರಳಿನಲ್ಲಿ. ನಡುವೆ ರಸ್ತೆ. ಅವರು ನನ್ನನ್ನು ನೋಡದ ಹಾಗೆ ನೋಡುತ್ತಿದ್ದರು, ನಾನೂ ಹಾಗೆಯೇ. ನೀಲವ್ವನ ಮೊರದಿಂದ ಹಾರುವ ಹೊಟ್ಟು ಮೊದಲು ನನ್ನ ಸೀರೆಯ ಮೇಲೆ ಬೀಳುತ್ತಿತ್ತು, ಆಗ ಬೈಯುತ್ತಿದ್ದೆ. ಈಗ ಇಲ್ಲದ ಹೊಟ್ಟನ್ನು ಸೀರೆಯಿಂದ ಕೊಡವಿಕೊಳ್ಳುತ್ತಿದ್ದೆ.

ಒಂದು ಇಳಿಹೊತ್ತು ನಾನು ಹಿತ್ತಲಲ್ಲಿ ಒಗೆದು ಮುಗಿಸಿ ಸೀರೆ ಹಿಂಡುತ್ತಿದ್ದೆ. ಬೀಬಿಜಾನ ಬಂದಳು. ಮುಂಬಾಗಿಲಿನಿಂದ ನೇರ ಒಳಗೆ, ಪಡಸಾಲೆ ದಾಟಿ, ಅಡುಗೆಮನೆ ದಾಟಿ. ಬಂದವಳು ಆ ಒದ್ದೆ ಕಲ್ಲಿನ ಮೇಲೆ ಹಾಗೆಯೇ ಕುಳಿತುಬಿಟ್ಟಳು.

"ತೊಯ್ಯತೈತಿ, ಏಳು" ಎಂದೆ.

"ತೊಯ್ಲಿ ಬಿಡ್ರಿ." ಕಲ್ಲಿನ ಮೇಲೆ ಕೈಯಾಡಿಸಿದಳು. "ಹಮ್ಮಿಗಿಯಿಂದ ಮದಿವ್ಯಾಗಿ ಬಂದಾಗಿಂದ ಇದರ ಮ್ಯಾಲೆ ಕುಂತೀನ್ರಿ ಅಕ್ಕೋರ. ನಮ್ಮ ತವರಾಗ ಹೊಳಿ ದಂಡಿ ಮ್ಯಾಲೆ ಎಲ್ಲಿ ಬೇಕಾದಲ್ಲೆ ಕುಂಡ್ರತಿದ್ವಿ, ಯಾರೂ ಏನ ಅಂತಿರಲಿಲ್ಲ. ಇಲ್ಲಿ ನೀವು ಆಕಳಿಸಿದ್ರ ನಾವು ಏಳಬೇಕಾಗತಿತ್ತು."

"ನಾ ಏಳ್ರಿ ಅಂತ ಎಂದ ಅಂದೀನಿ?"

"ಅಂದಿಲ್ರಿ. ಆಕಳಿಸತಿದ್ರಿ, ಒಳಗ ಹೋಗಿ ಲೈಟ್ ಆರಸತಿದ್ರಿ. ಮಾತು ಅರ್ಧಕ್ಕ ಬಿಟ್ಟು ನಾವು ಎದ್ದು ಹೋಗತಿದ್ವಿ. ನಮ್ಮ ಮನಿ ಮುಂದೂ ಇಂಥದೊಂದು ಇದ್ದಿದ್ರ ಅಂತ ನನಗ ಭಾಳ ಹೊಟ್ಟಿಕಿಚ್ಚು ಇತ್ತರಿ. ಖರೆ ಹೇಳತೀನಿ. ಬೆಂಚು ತಾನ ಬಂದಿಲ್ಲ. ಮೆಂಬರ್ ಬಾಯಿ ಮನಿಗೆ ಎಡತಾಕಿ ಎಡತಾಕಿ ನಾನ ತರಿಸೀನಿ."

ನನ್ನ ಕೈಯಲ್ಲಿದ್ದ ಸೀರೆಯಿಂದ ನೀರು ಸೋರುತ್ತಲೇ ಇತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಉರಿದುಕೊಂಡದ್ದು ಕೆಲವು ತಿಂಗಳು. ಅದಕ್ಕೇ ಓಣಿಗೆಲ್ಲ ಗೊತ್ತಾಗುವಂತೆ ಟೇಪು ಹಿಡಿಸಿ ರಾದ್ಧಾಂತ ಮಾಡಿದ್ದೆ. ಇವಳು ಮದುಮಗಳಾಗಿ ಬಂದಾಗಿನಿಂದ, ದಿನಾ ನನ್ನ ಪಕ್ಕದಲ್ಲೇ ಕುಳಿತು, ನಗುನಗುತ್ತ ಫಾಲ್ ಹಚ್ಚುತ್ತ, ಒಂದು ಹೊಗೆಯೂ ಹೊರಗೆ ಬಿಡದೆ ಉರಿದುಕೊಂಡಿದ್ದಳು. ಹೊಟ್ಟೆಕಿಚ್ಚಿನಲ್ಲೂ ನನ್ನನ್ನು ಮೀರಿಸಿದ್ದಳು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು: ನನ್ನ ಮೇಲೆ ಒಬ್ಬರಿಗೆ ಹೊಟ್ಟೆಕಿಚ್ಚಿತ್ತು. ಇಡೀ ಲಕ್ಷ್ಮೇಶ್ವರಕ್ಕೆ ಸಿಗದ ಭಾಗ್ಯ ನನಗೆ ಸಿಕ್ಕಿತ್ತು, ಅಷ್ಟು ವರ್ಷ ಸಿಕ್ಕಿತ್ತು, ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ಕಟ್ಟೆಯನ್ನು ನಾನೇ ಕೈಯಾರೆ ಒಡೆಸಿ ಕುಳಿತಿದ್ದೆ.

"ಕಲ್ಲ ಒಯ್ಯಿ" ಎಂದೆ. "ನಾಳಿಗೇ ಮಂದಿ ಕರಕೊಂಡು ಬಂದು ಒಯ್ಯಿ."

ಅವಳು ಎದ್ದು, ಒದ್ದೆಯಾದ ಸೀರೆ ಕೊಡವಿಕೊಂಡಳು. "ಬ್ಯಾಡ್ರಿ ಅಕ್ಕೋರ. ಈಗ ನಿಮಗ ಇರೂದು ಇದೊಂದ" ಎಂದಳು.

ಅದು ಕನಿಕರ. ನನಗೆ ಚುಚ್ಚಿದ್ದು ಅದೇ. ಹೊಟ್ಟೆಕಿಚ್ಚು ಪಟ್ಟವರು ನಮ್ಮನ್ನು ಮೇಲಿಟ್ಟು ನೋಡುತ್ತಾರೆ, ಕನಿಕರ ಪಟ್ಟವರು ಹಾಗೆ ನೋಡುವುದಿಲ್ಲ.

ಮರುದಿನ ಸಂಜೆ ರಸ್ತೆ ದಾಟಿದೆ. ನೀಲವ್ವ ಸರಿದು ಜಾಗ ಕೊಟ್ಟಳು, ಹೊಟ್ಟು ನನ್ನ ಸೀರೆಯ ಮೇಲೆ ಬಿತ್ತು, ಬೈದೆ. ಬೆನ್ನಿಗೆ ಆಸರೆ ನಿಜವಾಗಿಯೂ ಚೆನ್ನಾಗಿದೆ. ಈಗ ದಿನಾ ಹೋಗುತ್ತೇನೆ. ಕತ್ತಲಾಗುವ ಹೊತ್ತಿಗೆ ಬೀಬಿಜಾನ ಒಂದು ಆಕಳಿಕೆ ತೆಗೆದು, ಸೂಜಿಯನ್ನು ಸೀರೆಗೆ ಸಿಕ್ಕಿಸಿ ಏಳುತ್ತಾಳೆ. ಬೆಂಚು ಸರ್ಕಾರದ್ದು, ಅಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೂ ಅವಳು ಎದ್ದರೆ, ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ನಾನೂ ಎದ್ದು ಬರುತ್ತೇನೆ.

ಬಾಗಿಲು ಹಾಕಿಕೊಳ್ಳುವ ಮೊದಲು ಒಮ್ಮೊಮ್ಮೆ ಅವಳು ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಾಳೆ, "ಕಲ್ಲ ಹೆಂಗೈತ್ರಿ ಅಕ್ಕೋರ?"

"ಚೊಲೊ ಐತಿ. ಮದಲಿಗಿಂತ ನುಣ್ಣಗಾಗೇತಿ" ಎನ್ನುತ್ತೇನೆ. ಹೇಳಿ, ಬೀದಿ ದೀಪದ ಬೆಳಕಿನಲ್ಲಿ ಅವಳ ಮುಖವನ್ನೇ ನೋಡುತ್ತೇನೆ. ಒಂದು ಚೂರು ಕಿಚ್ಚು ಕಂಡರೂ ಸಾಕು, ಅಂದು ರಾತ್ರಿ ನನಗೆ ಊಟ ರುಚಿಸುತ್ತದೆ.